ಮಂಜಿನಲ್ಲಿ ಬೋಳು ಬೂರುಗ

ಎಲೆ ಉದುರಿಸಿ ನಿಂತ ಬೂರುಗದ ಮರವನ್ನು ಮಲೆನಾಡಿನ ಮಂಜಿನಲ್ಲಿ ಸೆರೆಹಿಡಿಯುವ ಆಸೆಯೇ? ಜನವರಿ ಕಳೆಯುವುದರೊಳಗೆ ಹೊರಡಿ. ಆಮೇಲೆ ಬೋಳು ಕೊಂಬೆಗಳ ತುಂಬ ಕೆಂಪು ಹೂವು. ಅದರ ಚಂದವೇ ಬೇರೆ. ಕಾಂಡದ ಸುತ್ತ ಅಂತಸ್ತು ಅಂತಸ್ತಾಗಿ ಅಡ್ಡಕ್ಕೆ ಚಾಚುವ ಅದರ ಕೊಂಬೆಗಳು ಬಿಡಿಬಿಡಿಯಾಗಿ ಕಾಣುವುದು ಎಲೆಯೂ ಹೂವೂ ಇಲ್ಲದ ಈ ಕೆಲವೇ ವಾರ.

ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಅಲ್ಲಿರಿ. ಬಿಳಿ ಮಂಜಿಗೆ ಕ್ಯಾಮೆರಾ ಮೋಸಹೋಗುತ್ತದೆ. ಬೆಳಕು ಹೆಚ್ಚಾಯಿತೆಂದುಕೊಂಡು ಚಿತ್ರಕ್ಕೆ ಬೂದಿ ಬಳಿಯುತ್ತದೆ. ಎಕ್ಸ್‌ಪೋಷರನ್ನು +1ರವರೆಗೆ ಏರಿಸಿ ನೋಡಿ. ಮೊಬೈಲಾದರೆ ಪರದೆ ಮುಟ್ಟಿ, ಸೂರ್ಯನ ಗುರುತನ್ನು ಮೇಲಕ್ಕೆ ಜಾರಿಸಿದರಾಯಿತು. ಆಟೋಫೋಕಸ್ ತಡಕಾಡಿದರೆ ಕಾಂಡದ ಕಪ್ಪು ಅಂಚಿಗೆ ಗುರಿಯಿಡಿ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ, ಹನಿಗಳೆಲ್ಲ ಬಿಳಿ ಚುಕ್ಕೆಗಳಾಗಿ ಮರವನ್ನೇ ಮುಚ್ಚುತ್ತವೆ.

ಹತ್ತು ಮರ ತುರುಕುವ ಚಪಲವನ್ನೂ ಬಿಡಿ. ಹತ್ತಿರದ್ದೊಂದು ಕಪ್ಪಗೆ, ಹಿಂದಿನದೊಂದು ಅರ್ಧ ಕರಗಿ ನಿಂತರೆ ಸಾಕು, ಆಳ ತಾನಾಗಿ ಬರುತ್ತದೆ. ಜೇಬಿನಲ್ಲೊಂದು ಮೆತ್ತನೆಯ ಹತ್ತಿಬಟ್ಟೆ ಇರಲಿ. ಲೆನ್ಸ್ ಒರೆಸಲು ಅಂಗಿಯ ತುದಿ ಬಳಸಿ ನಾನು ಪಶ್ಚಾತ್ತಾಪಪಟ್ಟಿದ್ದೇನೆ.