ದಿನದ ಚಿಂತನೆ: ಮಗಳ ಪ್ರಶ್ನೆ



ಮೊನ್ನೆ ವಂದನೆ ಮುಗಿದ ಮೇಲೆ ಮಗಳು ಕೇಳಿದಳು: "ಅಪ್ಪಾ, ಅರ್ಥ ಗೊತ್ತಿಲ್ಲದೆ ನಾವು ಪಾಲಿ ಹೇಳೋದಕ್ಕೂ ಪೂಜಾರಿ ಮಂತ್ರ ಹೇಳೋದಕ್ಕೂ ಏನು ವ್ಯತ್ಯಾಸ?" ಗದರಿಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ.

ಅಂಗುತ್ತರ ನಿಕಾಯದಲ್ಲಿ ಕೇಸಪುತ್ತದ ಕಾಲಾಮರ ಸಂಶಯವನ್ನು ಬುದ್ಧರು ತಪ್ಪೆನ್ನಲಿಲ್ಲ. ಪರಂಪರೆ, ಗ್ರಂಥ, ಗುರುಗೌರವ ಇಷ್ಟಕ್ಕೇ ಒಪ್ಪಬೇಡಿ. ಅದು ಲೋಭ, ದ್ವೇಷ, ಮೋಹ ಬೆಳೆಸುತ್ತದೆಯೇ ಎಂದು ನೀವೇ ಪರೀಕ್ಷಿಸಿ ಎಂದರು.

ನನ್ನನ್ನೇ ಪರೀಕ್ಷಿಸಿಕೊಂಡೆ. ಗದರಿದ್ದು ಧಮ್ಮದ ಮೇಲಿನ ಗೌರವದಿಂದಲ್ಲ, ಮೇಷ್ಟ್ರಾಗಿಯೂ ಉತ್ತರ ಗೊತ್ತಿಲ್ಲವಲ್ಲ ಎಂಬ ನಾಚಿಕೆಯಿಂದ. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ನಮ್ಮನ್ನು ಬಿಡಿಸಿ ತಂದದ್ದು ಮನೆಯಲ್ಲಿ ನಾನೇ ಇನ್ನೊಬ್ಬ ಪೂಜಾರಿಯಾಗಲೆಂದೇ?

ಬೆಳಿಗ್ಗೆ ಅವಳ ಜೊತೆ ಕೂತು ತಿಸರಣದ ಪದಪದಕ್ಕೂ ಅರ್ಥ ಬರೆದೆ. ಮನಸ್ಸು ಹಗುರಾಯಿತು.

ಇಂದಿನ ಅಭ್ಯಾಸ: ಯಾರದಾದರೂ ಪ್ರಶ್ನೆಗೆ ಸಿಟ್ಟು ಬಂದರೆ, ಉತ್ತರಿಸುವ ಮೊದಲು ಆ ಸಿಟ್ಟು ಎಲ್ಲಿಂದ ಬಂತೆಂದು ನೋಡಿಕೊಳ್ಳೋಣ.

ಜೈ ಭೀಮ್.