ಬಲಮುರಿ ಶಂಖದ ಪರೀಕ್ಷೆ

ಬಲಮುರಿ ಶಂಖವು ಮನೆಯಲ್ಲಿದ್ದರೆ ಫಸಲು ಹೆಚ್ಚುವುದೆಂದು ನಂಬಿಸಿ ಹಳ್ಳಿಗಳಲ್ಲಿ ಹಣ ಸೆಳೆಯುವವರುಂಟು. ಸರ್ಕೀಟಿನಲ್ಲಿದ್ದಾಗ, ಜೊತೆ ಎತ್ತುಗಳನ್ನು ಮಾರಿ ಇಂಥದೊಂದನ್ನು ಕೊಂಡ ರೈತರೊಬ್ಬರನ್ನು ಕಂಡೆನು. ಪರೀಕ್ಷಿಸಲು, ಅದು ನಮ್ಮ ಸಮುದ್ರದ ಶಂಖವೇ ಅಲ್ಲವೆಂದು ತಿಳಿದುಬಂದಿತು. ಆದುದರಿಂದ ಶಂಖದ ಲಕ್ಷಣಗಳನ್ನು ಇಲ್ಲಿ ವಿವರಿಸಿದೆ.

ಶಂಖವೆಂಬುದು ಒಂದು ಜಾತಿಯ ಕಡಲ ಬಸವನಹುಳುವಿನ ಚಿಪ್ಪು. ಶಾಸ್ತ್ರಜ್ಞರು ಈ ಪ್ರಾಣಿಯನ್ನು ಟರ್ಬಿನೆಲ್ಲಾ ಪೈರಮ್ ಎಂದು ಕರೆಯುವರು. ಇದು ಮನ್ನಾರ್ ಕೊಲ್ಲಿ, ಕಚ್ಛ್ ಕೊಲ್ಲಿ ಮುಂತಾದೆಡೆಗಳಲ್ಲಿ ಮರಳುತಳದ ಮೇಲೆ ವಾಸಿಸಿ, ಅಲ್ಲಿಯ ಹುಳುಗಳನ್ನು ತಿಂದು ಬದುಕುವುದು. ಜೀವವಿರುವಾಗ ಚಿಪ್ಪಿನ ಮೇಲೆ ಕಂದುಬಣ್ಣದ ಪೊರೆಯಿರುವುದು. ಅದನ್ನು ತೆಗೆದರೆ ಬಿಳುಪು ಕಾಣುವುದು.

1. ಸುರುಳಿಯ ದಿಕ್ಕು: ಗದ್ದೆಯ ಬಸವನಹುಳುವಿನ ಬರಿದಾದ ಚಿಪ್ಪೊಂದನ್ನು ತೆಗೆದುಕೊಂಡು, ಸುರುಳಿಯ ತುದಿ ಮೇಲಕ್ಕೂ ಬಾಯಿ ನಮ್ಮ ಕಡೆಗೂ ಇರುವಂತೆ ಹಿಡಿಯತಕ್ಕದ್ದು. ಬಾಯಿಯು ಬಲಗಡೆಗೆ ಕಾಣುವುದು. ಸಾಧಾರಣ ಶಂಖವೂ ಹೀಗೆಯೇ. ಊದುವ ಶಂಖದಲ್ಲಿ ರಂಧ್ರ ಮಾಡುವುದು ಈ ತುದಿಯಲ್ಲಿಯೇ. ಬಲಮುರಿಯಲ್ಲಿ ಬಾಯಿಯು ಎಡಗಡೆಗಿರುವುದು. ತುದಿಯನ್ನು ಕೆಳಗೆ ಮಾಡಿದರೆ ಬಲಕ್ಕೆ ಬರುವುದು. ಹೆಸರು ಬಂದುದು ಈ ರೀತಿ ಹಿಡಿಯುವುದರಿಂದ. ಹುಟ್ಟಿನಿಂದಲೇ ಹೀಗೆ ತಿರುಗಿದವು ಅತಿ ವಿರಳ.

ಆದರೆ ದಿಕ್ಕೊಂದನ್ನೇ ನಂಬಲಾಗದು. ಅಮೆರಿಕದ ಆಗ್ನೇಯ ಕರಾವಳಿಯಲ್ಲಿಯೂ ಮೆಕ್ಸಿಕೋ ಕೊಲ್ಲಿಯಲ್ಲಿಯೂ ಮಿಂಚಿನ ಹೆಸರುಳ್ಳ ಬೇರೊಂದು ಜಾತಿಯಿದೆ. ಟೆಕ್ಸಾಸ್ ಸಂಸ್ಥಾನವು 1987ರಲ್ಲಿ ಅದನ್ನು ತನ್ನ ಚಿಹ್ನೆಯ ಚಿಪ್ಪನ್ನಾಗಿ ಆರಿಸಿಕೊಂಡಿತು. ಆ ಜಾತಿಯಲ್ಲಿ ಎಡಕ್ಕೆ ಬಾಯಿಯಿರುವುದೇ ವಾಡಿಕೆ. ಇದನ್ನೇ ಬಲಮುರಿಯೆಂದು ಮಾರುವರು.

2. ಒಳಗಿನ ಮಡಿಕೆಗಳು: ಇದು ಮುಖ್ಯ ಲಕ್ಷಣ. ಬಾಯೊಳಗೆ ಬೆರಳಿಟ್ಟು ನಡುಗಂಬವನ್ನು ಸವರಿದರೆ, ನಮ್ಮ ಶಂಖದಲ್ಲಿ ಮೂರು ನಾಲ್ಕು ಉಬ್ಬಿದ ಏಣುಗಳು ಅಡ್ಡಲಾಗಿ ತಗಲುವುವು. ಪರದೇಶದ ಚಿಪ್ಪಿನಲ್ಲಿ ಇಂಥ ಏಣುಗಳ ಸಾಲಿಲ್ಲ.

3. ತೂಕ ಮತ್ತು ಆಕಾರ: ನಮ್ಮ ಶಂಖವು ದಪ್ಪ, ಬಲು ಭಾರ. ಪರದೇಶದ್ದು ತೆಳುವು, ಬಾಯಿ ನೀಳ, ಹೆಗಲಿನ ಸುತ್ತ ಗುಬುಟುಗಳಿರುವುದುಂಟು.

ಕಿವಿಗಿಟ್ಟರೆ ಸಮುದ್ರಘೋಷ ಕೇಳುವುದೆಂಬುದು ಪರೀಕ್ಷೆಯಲ್ಲ. ಸುತ್ತಲಿನ ಸದ್ದೇ ಒಳಗೆ ಮೊರೆಯುವುದು. ಬರಿಯ ಚೆಂಬಿನಲ್ಲಿಯೂ ಹಾಗೆ ಕೇಳುವುದು.

ಪಟೇಲರು ಮೊದಲು ಊರಿನ ಸಾಧಾರಣ ಶಂಖವೊಂದರಲ್ಲಿ ಮಡಿಕೆಗಳನ್ನು ಬೆರಳಿನಿಂದ ಗುರುತಿಸಿಕೊಂಡು, ಮಾರಲು ಬಂದುದನ್ನು ಅದರೊಡನೆ ಹೋಲಿಸಿ ನೋಡಬೇಕು. ಅಚ್ಚಿನಲ್ಲಿ ಎರೆದ ನಕಲುಗಳೂ ಇರಬಹುದಾದುದರಿಂದ, ಲಕ್ಷಣಗಳೆಲ್ಲ ಕೂಡಿಬಂದರೂ ಬಲ್ಲವರಿಗೆ ತೋರಿಸದೆ ಹಣ ಕೊಡತಕ್ಕದ್ದಲ್ಲ. ಪೂಜಿಸುವವರ ಭಕ್ತಿಗೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಫಸಲನ್ನು ಹೆಚ್ಚಿಸುವುದು ಬಿತ್ತನೆ, ಗೊಬ್ಬರ, ಸಕಾಲದ ಉಳುಮೆ. ಆ ರೈತರು ಮರುವರ್ಷದ ಮುಂಗಾರಿಗೆ ಬಾಡಿಗೆಯ ಎತ್ತುಗಳಿಗಾಗಿ ಕಾದು, ಹದ ತಪ್ಪಿ ಬಿತ್ತಿದರು.