ಸೈಕಲ್ ಮಾರುವವನ ಟ್ರಯಾಥ್ಲಾನ್ ಲೆಕ್ಕ

ಈಜು, ಸೈಕಲ್ ಸವಾರಿ ಮತ್ತು ಓಟವನ್ನು ನಡುವೆ ಬಿಡುವಿಲ್ಲದೆ, ಒಂದರ ಬೆನ್ನಿಗೆ ಒಂದರಂತೆ ಒಂದೇ ದಿನ ಮುಗಿಸಬೇಕಾದ ಸ್ಪರ್ಧೆಯನ್ನು ಟ್ರಯಾಥ್ಲಾನ್ ಎನ್ನುತ್ತಾರೆ. 2000ನೇ ಇಸವಿಯ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರ್ಪಡೆಯಾದ ಅದರ ಚಿಕ್ಕ ರೂಪದಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್ ಹಾಗೂ 10 ಕಿ.ಮೀ. ಓಟ ಇದ್ದರೆ, ದೀರ್ಘ ದೂರದ ಪ್ರಕಾರಗಳಲ್ಲಿ ಹೆಸರಾದ ಐರನ್‌ಮ್ಯಾನ್‌ನಲ್ಲಿ 3.8 ಕಿ.ಮೀ. ಈಜಿ, 180 ಕಿ.ಮೀ. ಸೈಕಲ್ ತುಳಿದು, 42.2 ಕಿ.ಮೀ. ಓಡಿ, ಇವೆಲ್ಲವನ್ನೂ ಸಾಮಾನ್ಯವಾಗಿ 17 ಗಂಟೆಗಳೊಳಗೆ ಮುಗಿಸಬೇಕಾಗುತ್ತದೆ. ಇದರ ಅರ್ಧದಷ್ಟು ದೂರದ ಸ್ಪರ್ಧೆಯಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ ಇದ್ದು, ಇವುಗಳ ಮೊತ್ತ ಮೈಲಿಗಳಲ್ಲಿ 70.3 ಆಗುವುದರಿಂದ ಅದಕ್ಕೆ ಆ ಸಂಖ್ಯೆಯೇ ಹೆಸರಾಗಿದೆ. ಗೋವಾದ ಪಣಜಿಯ ಮೀರಾಮಾರ್ ಕಡಲತೀರದಲ್ಲಿ 2019ರಲ್ಲಿ ಆರಂಭವಾದ ಈ ಅರ್ಧ ದೂರದ ಸ್ಪರ್ಧೆಯನ್ನು 2024ರ ಅಕ್ಟೋಬರ್ 27ರಂದು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 8 ಗಂಟೆ 27 ನಿಮಿಷ 32 ಸೆಕೆಂಡ್‌ಗಳಲ್ಲಿ, ಅಂದರೆ ಎಂಟೂವರೆ ಗಂಟೆಯ ಗಡುವಿಗೆ ಎರಡೂವರೆ ನಿಮಿಷ ಉಳಿದಿರುವಾಗ ಮುಗಿಸಿದ ಮೇಲೆ, ಕನ್ನಡ ಪತ್ರಿಕೆಗಳ ಓದುಗರಿಗೂ ಈ ಕ್ರೀಡೆಯ ಹೆಸರು ಪರಿಚಿತವಾಯಿತು.

ಹವಾಯಿಯ ಒವಾಹು ದ್ವೀಪದಲ್ಲಿ 1978ರಲ್ಲಿ ನಡೆದ ಮೊದಲ ಐರನ್‌ಮ್ಯಾನ್‌ಗೆ ಹೊರಟವರು 15 ಜನ, ಮುಗಿಸಿದವರು 12 ಜನ. ಮರುವರ್ಷ ಗೆದ್ದ ಟಾಮ್ ವಾರೆನ್ ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ಮದ್ಯದಂಗಡಿಯೊಂದರ ಮಾಲೀಕರಾಗಿದ್ದವರು. ಸಣ್ಣ ವ್ಯಾಪಾರಸ್ಥರು ಈ ಕ್ರೀಡೆಯ ಆರಂಭದಿಂದಲೂ ಅದರಲ್ಲಿದ್ದಾರೆ ಎಂಬುದಕ್ಕೆ ಇಷ್ಟು ಸಾಕು. ಆದರೆ ಇದರ ತಯಾರಿಯ ಬಗ್ಗೆ ಬರುವ ಬರಹಗಳು ದೇಹವನ್ನು ಹೇಗೆ ಪಳಗಿಸಬೇಕೆಂದು ಹೇಳುತ್ತವೆಯೇ ಹೊರತು, ತಿಂಗಳ ಸಂಬಳವಿಲ್ಲದ, ರಜೆಯ ಹಕ್ಕಿಲ್ಲದ, ಬಾಗಿಲು ತೆರೆದ ದಿನ ಮಾತ್ರ ದುಡಿಮೆಯಿರುವ ಅಂಗಡಿಕಾರ ಹಣವನ್ನು ಹೇಗೆ ಹೊಂದಿಸಬೇಕೆಂದು ಹೇಳುವುದಿಲ್ಲ. ಈ ಅಂಕಣಕಾರ ರಾಯಚೂರಿನಲ್ಲಿ ಸೈಕಲ್ ಅಂಗಡಿ ನಡೆಸುವವನೂ ಗೋವಾದ ಅರ್ಧ ದೂರದ ಸ್ಪರ್ಧೆಗೆ ಮೊದಲ ಬಾರಿಗೆ ಅಣಿಯಾಗುತ್ತಿರುವವನೂ ಆಗಿರುವುದರಿಂದ, ಆ ಕೊರತೆಯನ್ನು ತನ್ನ ಕಿರ್ದಿ ಪುಸ್ತಕದ ಆಧಾರದಿಂದಲೇ ತುಂಬಲು ಇಲ್ಲಿ ಯತ್ನಿಸಲಾಗಿದೆ. ಈ ಲೆಕ್ಕದಿಂದ ಹೊರಡುವ ನಿರ್ಣಯ ಒಂದೇ: ಸೈಕಲ್ ಮಾರುವವನಿಗೆ ಈ ಕ್ರೀಡೆಯಲ್ಲಿ ಅಗ್ಗವಾಗಿ ಸಿಗುವುದು ಸೈಕಲ್ ಮಾತ್ರ, ನೀರು ಮತ್ತು ಸಮಯ ಬಲು ದುಬಾರಿ, ಮತ್ತು ಸೈಕಲ್ಲಿನ ಆ ಅಗ್ಗವೇ ಉಳಿದೆರಡರ ಬೆಲೆಯನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ.

ಅಂಗಡಿಯ ಆದಾಯ ಯಾವ ತಿಂಗಳು ಬರುತ್ತದೆ, ಯಾವ ತಿಂಗಳು ಬರುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶವಾದ ರಾಯಚೂರು ಸೀಮೆಯಲ್ಲಿ ಸೈಕಲ್ ವ್ಯಾಪಾರಕ್ಕೆ ಎರಡು ಸುಗ್ಗಿಗಳಿವೆ. ಶಾಲೆಗಳು ತೆರೆಯುವ ಜೂನ್ ಒಂದಾದರೆ, ಹತ್ತಿ ಮಾರಾಟವಾಗಿ ಭತ್ತದ ಹಣ ಕೈಸೇರುವ ಚಳಿಗಾಲದ ತಿಂಗಳುಗಳು ಇನ್ನೊಂದು. ಮಾನ್ವಿ ಕಡೆಯ ಗಿರಾಕಿಯ ಕೈಯಲ್ಲಿ ಹಣವಿರುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆ ಭಾಗದವರೆಗೆ ಹರಿದ ವರ್ಷ; ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ಮಾತೂ ಬಹುಮಟ್ಟಿಗೆ ಇದೇ. ಕೊನೆ ಭಾಗಕ್ಕೆ ನೀರು ತಲುಪದೆ ರೈತರು ರಸ್ತೆಗಿಳಿದ ವರ್ಷ ಅಂಗಡಿಯಲ್ಲಿ ಹೊಸ ಸೈಕಲ್‌ಗಳು ನಿಂತಲ್ಲೇ ನಿಲ್ಲುತ್ತವೆ, ಹಳೆಯವುಗಳ ಓವರ್‌ಹಾಲ್ ಕೆಲಸ ಹೆಚ್ಚುತ್ತದೆ, ಉದ್ರಿ ಪುಸ್ತಕ ದಪ್ಪವಾಗುತ್ತದೆ. ಪ್ರೌಢಶಾಲೆಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ರಾಜ್ಯ ಸರ್ಕಾರದ ಯೋಜನೆ 2006-07ರಲ್ಲಿ ಆರಂಭವಾದಾಗ ಚಿಕ್ಕ ಅಂಗಡಿಗಳ ಜೂನ್ ವ್ಯಾಪಾರ ಕುಗ್ಗಿತಾದರೂ, ಹಳ್ಳಿಯ ಹೆಣ್ಣುಮಕ್ಕಳು ಸೈಕಲ್ ತುಳಿದು ಹೈಸ್ಕೂಲಿಗೆ ಹೋಗುವ ದೃಶ್ಯ ಈ ಸೀಮೆಯಲ್ಲಿ ಸಹಜವಾಯಿತು. ಅದರ ಬೆಲೆಯನ್ನು ಯಾವ ಅಂಗಡಿಯ ನಷ್ಟದೊಂದಿಗೂ ತೂಗಬಾರದು ಎಂಬುದು ಈ ಅಂಕಣಕಾರನ ದೃಢ ಅಭಿಪ್ರಾಯ.

ಇಂಥ ಏರಿಳಿತದ ವ್ಯಾಪಾರದಲ್ಲಿ ಸ್ಪರ್ಧೆಯ ಸೈಕಲ್ಲನ್ನು ಅಂಗಡಿಯ ದಾಸ್ತಾನಿನಿಂದಲೇ ಎತ್ತಿಕೊಳ್ಳುವ ಆಸೆ ಮಾಲೀಕನಿಗೆ ಹುಟ್ಟುವುದು ಸಹಜ, ಏಕೆಂದರೆ ಸಗಟು ದರ, ಕೈಯಲ್ಲೇ ಇರುವ ಸ್ಪ್ಯಾನರ್, ತಾನೇ ಮಾಡಿಕೊಳ್ಳುವ ಫಿಟ್ಟಿಂಗ್ ಇವೆಲ್ಲ ಸೇರಿ ಅದು ಪುಕ್ಕಟೆಯಾಗಿ ಬಂದಂತೆ ತೋರುತ್ತದೆ. ಇಲ್ಲಿ ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂದು ಕರೆಯುವ ಪರಿಕಲ್ಪನೆ, ಅಂದರೆ ಹಣವನ್ನು ಒಂದು ಕಡೆ ತೊಡಗಿಸಿದ್ದರಿಂದ ಇನ್ನೊಂದು ಕಡೆ ಕೈತಪ್ಪಿದ ಲಾಭ, ಲೆಕ್ಕಕ್ಕೆ ಬರಬೇಕು. ಉದಾಹರಣೆಗೆ ಸಗಟು ದರದಲ್ಲಿ 60,000 ರೂಪಾಯಿಯ ರೋಡ್ ಸೈಕಲ್ ಒಂದನ್ನು ಮೇ ತಿಂಗಳಲ್ಲಿ ಮಾಲೀಕ ತನಗಾಗಿ ಇಟ್ಟುಕೊಂಡನೆನ್ನೋಣ. ಅದೇ ಹಣದಲ್ಲಿ ತಲಾ 5,000 ರೂಪಾಯಿಯ ಸಾದಾ ಸೈಕಲ್‌ಗಳು 12 ಬರುತ್ತಿದ್ದವು. ಒಂದೊಂದರ ಮೇಲೆ 700 ರೂಪಾಯಿ ಉಳಿಯುವುದಾದರೆ ಜೂನ್ ಒಂದರಲ್ಲೇ 8,400 ರೂಪಾಯಿ ಲಾಭ ಬಂದು, ಅಸಲು ಮತ್ತೆ ದಾಸ್ತಾನಾಗಿ ತಿರುಗುತ್ತಿತ್ತು. ಅಂಗಡಿಯನ್ನು ದಿನದಿನ ನಡೆಸುವ ಈ ತಿರುಗುವ ಹಣವೇ ದುಡಿಯುವ ಬಂಡವಾಳ. ಅದು ಬ್ಯಾಂಕಿನ ಮುದ್ರಾ ಸಾಲದಿಂದಲೋ ಸಗಟು ವ್ಯಾಪಾರಿಯ ಉದ್ರಿಯಿಂದಲೋ ಬಂದದ್ದಾದರೆ, ಸ್ಪರ್ಧೆಯ ಸೈಕಲ್ ನಿಜವಾಗಿ ಸಾಲದ ಸೈಕಲ್ಲೇ ಆಗಿರುತ್ತದೆ.

ಲೆಕ್ಕಪತ್ರದ ದೃಷ್ಟಿಯಿಂದಲೂ ಅದು ಪುಕ್ಕಟೆಯಲ್ಲ. ಮಾಲೀಕ ಸ್ವಂತಕ್ಕೆಂದು ವ್ಯಾಪಾರದಿಂದ ತೆಗೆದುಕೊಂಡ ಹಣ ಅಥವಾ ಸರಕನ್ನು ಲೆಕ್ಕಿಗರು ಡ್ರಾಯಿಂಗ್ಸ್ ಎಂದು ಕರೆಯುತ್ತಾರೆ. ಅದನ್ನು ಖರ್ಚಿನ ಬಾಬತ್ತಿಗೆ ಬರೆಯದೆ, ಮಾಲೀಕನ ಬಂಡವಾಳ ಖಾತೆಯಿಂದ ಕಳೆಯಬೇಕು. ಅಂಗಡಿ ಸಾಮಾನ್ಯ ಜಿಎಸ್‌ಟಿ ಪದ್ಧತಿಯಲ್ಲಿದ್ದು, ಆ ಸೈಕಲ್ ಕೊಂಡಾಗ ಕಟ್ಟಿದ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ, ಅಂದರೆ ಮಾರಾಟದ ತೆರಿಗೆಯಲ್ಲಿ ಮುರಿದುಕೊಳ್ಳಬಹುದಾದ ಮೊತ್ತವಾಗಿ ಪಡೆದಿದ್ದರೆ, ಸ್ವಂತ ಬಳಕೆಯ ಸರಕಿಗೆ ಆ ಜಮೆ ಸಲ್ಲದು ಎಂಬ ನಿಯಮದಂತೆ ಅದನ್ನು ಹಿಂದಿರುಗಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿರುವುದರಿಂದ, ಮೇಲಿನ ಉದಾಹರಣೆಯಲ್ಲಿ ಈ ಮೊತ್ತ 7,200ರ ಬದಲು 3,000 ರೂಪಾಯಿ ಆಗುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವ ಚಿಕ್ಕ ಅಂಗಡಿಗಳಿಗೆ ಜಮೆಯೇ ಇಲ್ಲದ ಕಾರಣ ಈ ಪ್ರಶ್ನೆ ಏಳುವುದಿಲ್ಲ. ಜರ್ಸಿಯ ಮೇಲೆ ಅಂಗಡಿಯ ಹೆಸರು ಹಾಕಿಸಿಕೊಂಡು ಇಡೀ ವೆಚ್ಚವನ್ನು ಜಾಹೀರಾತಿನ ಖಾತೆಗೆ ಬರೆಯುವ ಸಲಹೆ ಕೊಡುವವರಿದ್ದಾರೆ. ಅದು ಪ್ರಾಮಾಣಿಕ ಲೆಕ್ಕವಲ್ಲ. ವಹಿವಾಟಿನ ಶೇ 8ನ್ನು, ಡಿಜಿಟಲ್ ಪಾವತಿಯ ಭಾಗಕ್ಕಾದರೆ ಶೇ 6ನ್ನು, ಲಾಭವೆಂದು ಘೋಷಿಸುವ ಅಂದಾಜು ಆದಾಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಬಿಡಿ ಖರ್ಚುಗಳನ್ನು ತೋರಿಸುವ ಅವಕಾಶವೇ ಇಲ್ಲದ್ದರಿಂದ ಅದರಲ್ಲಿ ಪ್ರಯೋಜನವೂ ಇಲ್ಲ.

ಈಗ ನೀರಿನ ವಿಚಾರ. ಎರಡು ಮಹಾನದಿಗಳ ನಡುವಿನ ಜಿಲ್ಲೆಯಲ್ಲಿ ಈಜಿಗೆ ಕೊರತೆಯೆಂದರೆ ಹೊರಗಿನವರು ನಂಬಲಾರರು. ಆದರೆ ರಾಯಚೂರು ಜಿಲ್ಲೆಯ ಕೃಷ್ಣಾ ಪಾತ್ರದಲ್ಲಿ ಮೊಸಳೆಗಳಿವೆ; ನದಿಗಿಳಿದವರ ಮೇಲೆ ಅವು ದಾಳಿ ಮಾಡಿದ ಸುದ್ದಿ ದೇವದುರ್ಗ ಮತ್ತು ರಾಯಚೂರು ತಾಲ್ಲೂಕುಗಳ ದಂಡೆಯ ಊರುಗಳಲ್ಲಿ ಯಾರಿಗೂ ಹೊಸದಲ್ಲ. ನೀರು ಬಿಟ್ಟಾಗ ಕಾಲುವೆಗಳ ಸೆಳೆತ ಬಲವಾಗಿದ್ದು, ಸಿಮೆಂಟಿನ ಇಳಿಜಾರಿನಲ್ಲಿ ಪಾಚಿಯ ಮೇಲೆ ಕಾಲೂರಿ ಮೇಲೆ ಬರುವುದು ಪಳಗಿದ ಈಜುಗಾರನಿಗೂ ಕಷ್ಟ. ನೀರು ನಿಲ್ಲಿಸಿದಾಗ ಅಲ್ಲಿ ಈಜಲು ನೀರೇ ಇರುವುದಿಲ್ಲ. ಈ ಸೀಮೆಯ ಬಹಳ ಜನ ಈಜು ಕಲಿತದ್ದು ಹೊಲದ ಬಾವಿಯಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು. ಆ ಕಲಿಕೆ ನೀರಿನ ಭಯವನ್ನು ಕಳೆಯುತ್ತದೆಯಾದರೂ, ನೇರವಾಗಿ 1.9 ಕಿ.ಮೀ. ಸಾಗುವ ಲಯವನ್ನು ಕೊಡುವುದಿಲ್ಲ. 25 ಮೀಟರ್ ಉದ್ದದ ಕೊಳದಲ್ಲಿ ಆ ದೂರಕ್ಕೆ 76 ಸಲ ಆ ತುದಿಯಿಂದ ಈ ತುದಿಗೆ ಹೋಗಬೇಕು. ಆದ್ದರಿಂದ ಕಾವಲುಗಾರನಿರುವ ಈಜುಕೊಳದ ಶುಲ್ಕ, ತರಬೇತುದಾರನ ಸಂಭಾವನೆ, ಸ್ಪರ್ಧೆಗೆ ಮುಂಚೆ ಕೆಲವು ದಿನವಾದರೂ ಕಡಲಿನಲ್ಲಿ ಅಭ್ಯಾಸ ಮಾಡಲು ತಗಲುವ ಪ್ರಯಾಣ ಮತ್ತು ವಸತಿಯ ವೆಚ್ಚ ಇವುಗಳಿಗೆ ಸೈಕಲ್‌ಗಿಂತ ಮೊದಲು ಹಣ ತೆಗೆದಿಡಬೇಕು. ಅನೇಕರು ಇದನ್ನು ಹಿಂದುಮುಂದು ಮಾಡಿ, ಕಾರ್ಬನ್ ಚೌಕಟ್ಟಿನ ಸೈಕಲ್ ಕೊಂಡ ಮೇಲೆ ಉಳಿದ ಚಿಲ್ಲರೆಯಲ್ಲಿ ಈಜು ಕಲಿಯಲು ಹೊರಡುತ್ತಾರೆ. ಈಜಿನ ಗಡುವು ಮೀರಿದವರಿಗೆ ಆ ಸೈಕಲ್ ಏರುವ ಅವಕಾಶವೇ ಸಿಗುವುದಿಲ್ಲ.

ಸಮಯದ ಬೆಲೆ ಇದಕ್ಕಿಂತ ಸೂಕ್ಷ್ಮವಾದದ್ದು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರಿನಲ್ಲಿ ಹೊತ್ತೇರಿದ ಮೇಲೆ ದೂರದ ಅಭ್ಯಾಸ ಅಸಾಧ್ಯವಾದ್ದರಿಂದ, ಮಾನ್ವಿ ರಸ್ತೆಯಲ್ಲಾಗಲಿ ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೋಗುವ ದಾರಿಯಲ್ಲಾಗಲಿ ನಸುಕಿನಲ್ಲೇ ಹೊರಟು ಮರಳಬೇಕು. ವಾರಕ್ಕೆ ಹತ್ತು ಗಂಟೆಗಳ ಆಸುಪಾಸಿನ ಅಭ್ಯಾಸ ಬೇಡುವ ಸ್ಪರ್ಧೆಯಿದು. ಹಾಗೆ ದಣಿದು ಬಂದ ಮಾಲೀಕ ಅಂಗಡಿಯ ಬಾಗಿಲನ್ನು ಒಂದು ತಾಸು ತಡವಾಗಿ ತೆರೆದರೆ, ಕೆಲಸಕ್ಕೆ ಹೊರಟವರ ಪಂಚರ್, ಶಾಲೆಗೆ ಹೊರಟವರ ಬ್ರೇಕ್ ಮುಂತಾದ ಬೆಳಗಿನ ನಗದು ಕೆಲಸವೆಲ್ಲ ಪಕ್ಕದ ಅಂಗಡಿಗೆ ಹೋಗುತ್ತದೆ. ಆ ಗಿರಾಕಿ ಮರಳಿ ಬರುತ್ತಾನೆಂಬ ಭರವಸೆಯೂ ಇರುವುದಿಲ್ಲ. ಹಬ್ಬಗಳ ಲೆಕ್ಕ ಬೇರೆಯೇ ಇದೆ. ಗೋವಾದ ಸ್ಪರ್ಧೆ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ನಡೆಯುವುದರಿಂದ, ಆಯುಧಪೂಜೆ ಮತ್ತು ದೀಪಾವಳಿಯ ವ್ಯಾಪಾರ ಅಭ್ಯಾಸದ ಕೊನೆಯ ವಾರಗಳ ಮೇಲೆಯೇ ಬಂದು ಬೀಳುತ್ತದೆ. 2024ರಲ್ಲಂತೂ ಸ್ಪರ್ಧೆ ಮುಗಿದ ನಾಲ್ಕನೇ ದಿನಕ್ಕೆ ನರಕ ಚತುರ್ದಶಿ ಇತ್ತು. ಇದಕ್ಕೆ ಪರಿಹಾರ ನಂಬಿಕಸ್ಥ ಮೆಕ್ಯಾನಿಕ್‌ಗೆ ಹೆಚ್ಚುವರಿ ಕೂಲಿ ಕೊಟ್ಟು ಬೆಳಗಿನ ಹೊತ್ತು ಅಂಗಡಿ ಒಪ್ಪಿಸುವುದು. ಆ ಕೂಲಿಯನ್ನು ಅಂಗಡಿಯ ಖರ್ಚೆಂದು ಬಗೆಯದೆ ಸ್ಪರ್ಧೆಯ ಖರ್ಚಿನಲ್ಲೇ ಬರೆಯಬೇಕು, ಮತ್ತು ಅದು ಉಳಿದೆಲ್ಲ ಬಾಬತ್ತುಗಳಿಗಿಂತ ದೊಡ್ಡದಾಗಬಹುದೆಂದು ಮೊದಲೇ ಮನೆಯವರೊಂದಿಗೆ ಕೂತು ಮಾತನಾಡಿಕೊಳ್ಳಬೇಕು.

ಉಳಿಸಬಹುದಾದ ಕಡೆಗಳೂ ಇವೆ. ತಣ್ಣೀರಿನ ದೇಶಗಳಲ್ಲಿ ಈಜಿಗೆ ತೊಡುವ ರಬ್ಬರಿನ ವೆಟ್‌ಸೂಟ್ ಗೋವಾದ ಬೆಚ್ಚನೆಯ ಕಡಲಿಗೆ ಬೇಡವೇ ಬೇಡ. ಗಾಳಿಯನ್ನು ಸೀಳಲು ವಿಶೇಷವಾಗಿ ರೂಪಿಸಿದ ಟ್ರಯಾಥ್ಲಾನ್ ಸೈಕಲ್‌ನ ಬದಲು, ಅಲ್ಯೂಮಿನಿಯಂ ಚೌಕಟ್ಟಿನ ಸಾಧಾರಣ ರೋಡ್ ಸೈಕಲ್‌ಗೆ ಮೊಣಕೈ ಊರಿ ಬಾಗಿ ತುಳಿಯಲು ಅನುವಾಗುವ ಏರೋಬಾರ್ ಜೋಡಿಸಿದರೆ ಮೊದಲ ಸ್ಪರ್ಧೆಗೆ ಸಾಕು. ಪೊಟ್ಟಣದ ಜೆಲ್‌ಗಳಿಗೆ ಬದಲಾಗಿ ಬೆಲ್ಲ, ಬಾಳೆಹಣ್ಣು, ಶೇಂಗಾ ಚಿಕ್ಕಿ ಅಭ್ಯಾಸದ ದಿನಗಳಿಗೆ ಒಗ್ಗುತ್ತವೆ. ಔಷಧಿ ಅಂಗಡಿಯ ಒಆರ್‌ಎಸ್ ಪುಡಿಯೂ ಒಳ್ಳೆಯದೇ, ಆದರೆ ಒಂದು ಲೀಟರಿಗೆ ಅದರಲ್ಲಿರುವ ಗ್ಲೂಕೋಸ್ 13.5 ಗ್ರಾಂ ಮಾತ್ರವಾದ್ದರಿಂದ ಅದು ಉಪ್ಪು ಮತ್ತು ನೀರನ್ನು ತುಂಬಿಕೊಡುತ್ತದೆಯೇ ಹೊರತು ತಾಸುಗಟ್ಟಲೆ ತುಳಿಯುವ ಶಕ್ತಿಯನ್ನಲ್ಲ. ಹೊರಡುವ ಮುನ್ನ ಸೈಕಲ್ ಬಿಚ್ಚಿ ಕಾರ್ಟನ್‌ನಲ್ಲಿ ಕಟ್ಟುವ ಕೆಲಸಕ್ಕೆ ಬೇರೆಯವರು ಹಣ ಕೊಡಬೇಕಾದರೆ ಅಂಗಡಿಕಾರನಿಗೆ ಅದು ಕೈಗೆಲಸ. ಟಯರು, ಟ್ಯೂಬು, ಹೆಲ್ಮೆಟ್ ಮತ್ತು ಬ್ರೇಕಿನ ವಿಷಯದಲ್ಲಿ ಮಾತ್ರ ಉಳಿತಾಯ ಸಲ್ಲದು. ಬಳ್ಳಾರಿ ಜಾಲಿಯ ಮುಳ್ಳು ತೆಳುವಾದ ರೇಸಿಂಗ್ ಟಯರನ್ನು ಸಲೀಸಾಗಿ ದಾಟುತ್ತದೆ. ಮಳೆಗಾಲದ ಎರೆಮಣ್ಣು ಚೈನ್ ಮತ್ತು ಗೇರ್‌ಗಳಲ್ಲಿ ಕೂತು ಒಣಗಿದರೆ ಸಾಮಾನು ಅರ್ಧ ಆಯುಷ್ಯಕ್ಕೇ ಸವೆದುಹೋಗುತ್ತದೆ.

ಹಣ ಹೊಂದಿಸುವ ಕ್ರಮಕ್ಕೆ ಬಂದರೆ, ಮಾಲೀಕ ಮೊದಲು ತನಗೆ ತಾನೇ ಒಂದು ತಿಂಗಳ ಸಂಬಳ ಗೊತ್ತುಮಾಡಿಕೊಂಡು, ಅದನ್ನು ಗಲ್ಲಾದಿಂದ ಮನೆಯ ಖಾತೆಗೆ ಪ್ರತಿ ತಿಂಗಳು ನಿಶ್ಚಿತ ದಿನ ವರ್ಗಾಯಿಸಬೇಕು. ಸ್ಪರ್ಧೆಯ ಹಣ ಆ ಸಂಬಳದಿಂದಲೇ ಬರಬೇಕು, ಗಲ್ಲಾದಿಂದ ನೇರವಾಗಿ ಅಲ್ಲ. ತಿಂಗಳಿಗೆ 5,000 ರೂಪಾಯಿಯ ಆವರ್ತಿತ ಠೇವಣಿ, ಅಂದರೆ ನಿಗದಿತ ಮೊತ್ತವನ್ನು ತಿಂಗಳು ತಿಂಗಳು ಕಟ್ಟುವ ಆರ್‌ಡಿ, ಎರಡು ವರ್ಷಕ್ಕೆ 1,20,000 ರೂಪಾಯಿ ಮತ್ತು ಅದರ ಬಡ್ಡಿಯಾಗುತ್ತದೆ. ಅಷ್ಟು ಕಟ್ಟಲಾಗದ ವರ್ಷ ಸ್ಪರ್ಧೆಯನ್ನು ಮುಂದೂಡುವುದೇ ಸರಿ, ಏಕೆಂದರೆ ಪ್ರವೇಶ ಶುಲ್ಕವನ್ನು ಒಮ್ಮೆ ಕಟ್ಟಿದರೆ ಅದು ಸಾಮಾನ್ಯವಾಗಿ ಹಿಂದಿರುಗುವುದಿಲ್ಲ, ಮತ್ತು ಕಟ್ಟಿದ ಹಣದ ಆಸೆಗೆ ಬಿದ್ದು ಅರೆಬರೆ ಅಭ್ಯಾಸದಲ್ಲಿ ಕಡಲಿಗಿಳಿಯುವುದು ಪ್ರಾಣಕ್ಕೆ ಅಪಾಯ.

ಕೊನೆಯದಾಗಿ, ಆದರೆ ಎಲ್ಲಕ್ಕಿಂತ ಮೊದಲು ಮಾಡಬೇಕಾದ ವೆಚ್ಚವೆಂದರೆ ವಿಮೆ. ನಸುಕಿನ ಕತ್ತಲಲ್ಲಿ ಹೆದ್ದಾರಿಯ ಅಂಚಿನಲ್ಲಿ ತುಳಿಯುವವನಿಗೆ ಕೊರಳೆಲುಬು ಮುರಿದರೆ ವಾರಗಟ್ಟಲೆ ಅಂಗಡಿ ನಿಲ್ಲುತ್ತದೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಎಲ್ಲರಿಗೂ ಇರಲೇಬೇಕಾದದ್ದಾದರೂ, ಅದು ಅಪಘಾತದ ಸಾವು ಮತ್ತು ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ ಕೊಡುತ್ತದೆಯೇ ಹೊರತು, ಗುಣವಾಗುವ ಮೂಳೆ ಮುರಿತಕ್ಕಾಗಲಿ ನಿಂತುಹೋದ ದುಡಿಮೆಗಾಗಲಿ ಏನನ್ನೂ ಕೊಡುವುದಿಲ್ಲ. ಆ ನಷ್ಟಕ್ಕೆ ವಾರಕ್ಕೆ ಇಂತಿಷ್ಟೆಂದು ಪರಿಹಾರ ಕೊಡುವ, ತಾತ್ಕಾಲಿಕ ಅಸಾಮರ್ಥ್ಯವನ್ನು ಒಳಗೊಂಡ ವೈಯಕ್ತಿಕ ಅಪಘಾತ ವಿಮೆ ಬೇರೆಯಾಗಿಯೇ ಬೇಕು. ರಾಯಚೂರು, ದೇವದುರ್ಗ, ಮಾನ್ವಿಯ ವ್ಯಾಪಾರಸ್ಥರಲ್ಲಿ ಯಾರೇ ಈ ಸ್ಪರ್ಧೆಗೆ ಮನಸ್ಸು ಮಾಡಿದ್ದರೂ, ಸ್ಪರ್ಧೆಯಲ್ಲಿ ಹಾಗೂ ಅದರ ಅಭ್ಯಾಸದಲ್ಲಿ ಆದ ಗಾಯ ತಮ್ಮ ಪಾಲಿಸಿಯೊಳಗೆ ಬರುತ್ತದೆಯೇ ಎಂದು ವಿಮಾ ಕಂಪನಿಯನ್ನು ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆದ ಮೇಲಷ್ಟೇ ಪ್ರವೇಶ ಶುಲ್ಕ ಕಟ್ಟಬೇಕೆಂದು ವಿನಂತಿ.